ನೋವಿಲ್ಲ ಅಂದರೆ ಗಾಯ ಮಾಯುತ್ತಿದೆ ಅಂತಲ್ಲ

ಪ್ರಶ್ನೆ

“ಡಾಕ್ಟ್ರೇ, ನಾವು ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ ಇರುವವರು. ನಮ್ಮ ಮನೆಯವರಿಗೆ 54 ವರ್ಷ. ಮಾಟುಂಗದ ಒಂದು ಹೊಟೇಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಾರೆ. ಸಕ್ಕರೆ ಕಾಯಿಲೆ ಶುರುವಾಗಿ ಹನ್ನೊಂದು ವರ್ಷ ಆಯಿತು. ಮೊನ್ನೆಯ ಮಳೆಯಲ್ಲಿ ಕಿಂಗ್ಸ್ ಸರ್ಕಲ್ ಹತ್ತಿರ ನಿಂತ ನೀರಿನಲ್ಲಿ ನಡೆದು ಬರುವಾಗ ಏನೋ ಚೂಪಾದದ್ದು ತಾಗಿ ಬಲಗಾಲಿನ ಪಾದದ ಮೇಲೆ ಕೊಯ್ದುಹೋಯಿತು. ಅವತ್ತು ರಾತ್ರಿಯೇ ಕ್ಲಿನಿಕ್ಕಿನಲ್ಲಿ ಐದು ಹೊಲಿಗೆ ಹಾಕಿ, ಟಿಟಿ ಕೊಟ್ಟು, ಹತ್ತನೇ ದಿನ ಹೊಲಿಗೆ ಬಿಚ್ಚೋಣ ಎಂದರು. ಇವತ್ತಿಗೆ ಆರು ದಿನ. ಮೊದಲ ಎರಡು ದಿನ ನೋವಿತ್ತು, ಈಗ ಅಷ್ಟೇನಿಲ್ಲ ಅನ್ನುತ್ತಾರೆ. ಜ್ವರವೂ ಇಲ್ಲ. ಆದರೆ ನಿನ್ನೆಯಿಂದ ಪಾದ ಊದಿ ಚಪ್ಪಲಿ ಹಿಡಿಸುತ್ತಿಲ್ಲ. ಪಟ್ಟಿಯ ಮೇಲೆ ಹಳದಿ ಕಲೆ, ಸ್ವಲ್ಪ ವಾಸನೆ. ಗಾಯದ ಸುತ್ತ ಎರಡು ಬೆರಳಷ್ಟು ಜಾಗ ಕಪ್ಪುಗೆಂಪಾಗಿದೆ. ಖಾಲಿ ಹೊಟ್ಟೆಯ ಶುಗರ್ 130–140 ಇರುತ್ತಿತ್ತು, ಇವತ್ತು ಬೆಳಗ್ಗೆ 226. ಇವರು ‘ಟಿಟಿ ತಗೊಂಡಿದ್ದೇನಲ್ಲ, ಸೆಪ್ಟಿಕ್ ಆಗಲ್ಲ’ ಅಂತ ನಿನ್ನೆಯೂ ಕೆಲಸಕ್ಕೆ ಹೋದರು. ಹಲ್ಲುನೋವಿಗೆ ತಂದು ಉಳಿದಿದ್ದ ಆ್ಯಂಟಿಬಯಾಟಿಕ್ ನಾಲ್ಕು ಮಾತ್ರೆ ನುಂಗಿದ್ದಾರೆ. ಕುಂದಾಪುರದಿಂದ ಅತ್ತೆ ಫೋನ್ ಮಾಡಿ, ನಂಜಿನದ್ದು ಏನೂ ಕೊಡಬೇಡ, ಮೀನು, ಬದನೆ, ಮೊಸರು ಬಂದ್ ಮಾಡು, ಅರಿಶಿನ ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಿದ್ದಾರೆ. ಗಾಯ ಮಾಯುತ್ತಿದೆಯೋ ಕೀವು ಕಟ್ಟುತ್ತಿದೆಯೋ ನಮ್ಮಂಥವರು ತಿಳಿಯುವುದು ಹೇಗೆ? ಹತ್ತನೇ ದಿನದವರೆಗೆ ಕಾಯಬಹುದಾ?”

ಉತ್ತರ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಕಾಯಬೇಡಿ. ಇವತ್ತೇ ತೋರಿಸಿ. ಮಾಟುಂಗದವರೆಗೆ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿ ಅದೇ ಕ್ಲಿನಿಕ್ಕಿಗೇ ತೋರಿಸಬೇಕು ಅಂತಿಲ್ಲ. ಡೊಂಬಿವಿಲಿಯಲ್ಲೇ ಸರ್ಜನ್ ಇರುವ ಯಾವುದಾದರೂ ಆಸ್ಪತ್ರೆಗೆ ರಿಕ್ಷಾದಲ್ಲಿ ಹೋಗಿ. ಉಳಿದದ್ದನ್ನು ಅಲ್ಲಿ ಸರದಿಗೆ ಕಾಯುವಾಗ ಓದಿದರೆ ಸಾಕು.

ಗಾಯವನ್ನು ಕಣ್ಣಿಂದ ನೋಡದೆ ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಚಪ್ಪಲಿ, 226, ಎರಡು ಬೆರಳು. ಈ ಮೂರೂ ಒಟ್ಟಿಗೆ ಬಂದಿವೆ. ಮನೆಯವರು ಹೇಳುವ ‘ನೋವಿಲ್ಲ, ಜ್ವರ ಇಲ್ಲ’ ಎರಡೂ ನಿಜವೇ ಇರಬಹುದು. ಆದರೆ ಹನ್ನೊಂದು ವರ್ಷದ ಶುಗರ್ ಇರುವ ಕಾಲಿನ ವಿಷಯದಲ್ಲಿ ಆ ಎರಡು ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಯಾರಿಗೇ ಗಾಯವಾದರೂ ಮೊದಲ ಎರಡು ಮೂರು ದಿನ ಸುತ್ತ ಸ್ವಲ್ಪ ಕೆಂಪಾಗುತ್ತದೆ, ಊದುತ್ತದೆ, ಬಿಸಿಯಿರುತ್ತದೆ, ನೋಯುತ್ತದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟ ನಾಲ್ಕು ಲಕ್ಷಣಗಳೂ ಇವೇ: ಕೆಂಪು, ಊತ, ಬಿಸಿ, ನೋವು. ಇದು ಸೋಂಕಲ್ಲ. ರಿಪೇರಿ ಕೆಲಸ ಶುರುವಾಗಿದೆ ಅಂತ ಅಷ್ಟೇ. ಆ ಜಾಗಕ್ಕೆ ಜಾಸ್ತಿ ರಕ್ತ ಬರುತ್ತದೆ, ಅದರ ಜೊತೆ ಬಿಳಿ ರಕ್ತಕಣಗಳು ಬಂದು ಕೊಳೆ ತೆಗೆಯುತ್ತವೆ. ಕಷ್ಟ ಇರುವುದು ಇಲ್ಲೇ. ಸೋಂಕು ತಗುಲಿದಾಗಲೂ ಇದೇ ನಾಲ್ಕು ಲಕ್ಷಣ. ಹಾಗಾಗಿ ಒಂದು ದಿನದ ಗಾಯವನ್ನು ಒಂದು ಸಲ ನೋಡಿ ಹೇಳುವುದು ನಮಗೂ ಸುಲಭ ಅಲ್ಲ.

ಹೇಳಬಹುದಾದದ್ದು ಅದು ಯಾವ ಕಡೆ ಹೊರಟಿದೆ ಅಂತ. ಮೂರನೇ ದಿನ ದಾಟಿದ ಮೇಲೆ ಎಲ್ಲವೂ ಇಳಿಯುತ್ತಾ ಹೋಗಬೇಕು. ನಿನ್ನೆಗಿಂತ ಇವತ್ತು ಕೆಂಪು ಕಡಿಮೆ, ಊತ ಕಡಿಮೆ, ನೋವು ಕಡಿಮೆ. ಇಳಿದದ್ದು ಮತ್ತೆ ಏರಿದರೆ, ಅಥವಾ ಇಳಿಯಲೇ ಇಲ್ಲ ಅಂದರೆ, ಸೋಂಕು ಅಂತಲೇ ಹಿಡಿದು ತೋರಿಸಬೇಕು. ನಿಮ್ಮ ಮನೆಯವರ ಪಾದ ಊದಿದ್ದು ಐದನೇ ದಿನ. ಇಳಿಯಬೇಕಾದ ಹೊತ್ತಿನಲ್ಲಿ ಏರಿದೆ.

ಈಗ ನೋವಿನ ಮಾತು. ವರ್ಷಗಟ್ಟಲೆ ಶುಗರ್ ಇದ್ದವರಲ್ಲಿ ಪಾದದ ನರಗಳು ಮಂಕಾಗುತ್ತವೆ. ಚಪ್ಪಲಿ ಜಾರಿ ಬಿದ್ದದ್ದೇ ಗೊತ್ತಾಗದೆ ಬರಿಗಾಲಲ್ಲಿ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದವರನ್ನು ನಾನು ನೋಡಿದ್ದೇನೆ. ಕ್ಲಿನಿಕ್ಕಿನಲ್ಲಿ ನಾವು ಮೀನು ಹಿಡಿಯುವ ದಾರದಂಥ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಒತ್ತುತ್ತೇವೆ. ಅದು ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ ಬೀಳುತ್ತದೆ. ಕಣ್ಣು ಮುಚ್ಚಿಸಿ ‘ತಾಗಿತಾ?’ ಅಂತ ಕೇಳಿದರೆ ಎಷ್ಟೋ ಜನ ‘ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?’ ಅನ್ನುತ್ತಾರೆ. ಅಂಥ ಕಾಲಿನಲ್ಲಿ ನೋವು ಕಡಿಮೆಯಾಯಿತು ಅಂದರೆ ಗಾಯ ಸುಧಾರಿಸಿತು ಅಂತ ಹೇಗೆ ಹೇಳುವುದು? ಮೊದಲ ಎರಡು ದಿನ ನೋವಿತ್ತು ಅಂದಿದ್ದೀರಿ. ಅಂದರೆ ಇವರ ನರಗಳು ಪೂರ್ತಿ ಸತ್ತಿಲ್ಲ. ಅದು ಒಳ್ಳೆಯದೇ. ಆದರೂ ಆ ಪರೀಕ್ಷೆ ಮಾಡಿಸಿ.

ಜ್ವರವೂ ಹಾಗೆಯೇ. ಶುಗರ್ ಇರುವವರಿಗೆ, ವಯಸ್ಸಾದವರಿಗೆ, ಪಾದದಲ್ಲಿ ಸಾಕಷ್ಟು ದೊಡ್ಡ ಸೋಂಕು ಇದ್ದರೂ ಥರ್ಮಾಮೀಟರ್ ಏರದೆ ಇರಬಹುದು. ಅದರ ಬದಲು ಏರುವುದು ಗ್ಲುಕೋಮೀಟರ್. ಮಾತ್ರೆ ತಪ್ಪಿಸಿಲ್ಲ, ಮದುವೆ ಊಟ ಮಾಡಿಲ್ಲ, ಆದರೂ ಶುಗರ್ ಒಮ್ಮೆಲೇ 140ರಿಂದ 226ಕ್ಕೆ ಹಾರಿದೆ ಅಂದರೆ ಮೈಯಲ್ಲಿ ಎಲ್ಲೋ ಸೋಂಕು ನಡೆದಿದೆ ಅಂತ ಮೊದಲು ಅನುಮಾನ ಪಡಬೇಕು. ಸೋಂಕು ಶುಗರ್ ಏರಿಸುತ್ತದೆ. ಏರಿದ ಶುಗರಿನಲ್ಲಿ ಬಿಳಿ ರಕ್ತಕಣಗಳು ಮಂದವಾಗುತ್ತವೆ, ಸೋಂಕು ಇನ್ನೂ ಹಬ್ಬುತ್ತದೆ. ನೀವು ಗಾಯದ ಜೊತೆ ಶುಗರ್ ಕೂಡ ಬರೆದು ಕಳಿಸಿದ್ದೀರಲ್ಲ, ತುಂಬಾ ಒಳ್ಳೆಯದಾಯಿತು. ಹೆಚ್ಚಿನವರು ಗಾಯದ ಫೋಟೋ ಮಾತ್ರ ಕಳಿಸುತ್ತಾರೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಆಗ ನಾನಿನ್ನೂ ರೆಸಿಡೆಂಟ್. ಒಂದು ಸಂಜೆ ಒಪಿಡಿ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಒಬ್ಬ ಭಟ್ಟರು ಬಂದರು. ಹೊಟೇಲಿನ ಅಡುಗೆಯವರು. ಕಾಲಿನ ಹೆಬ್ಬೆರಳ ಪಕ್ಕ ಸಣ್ಣ ಗಾಯ, ಸುತ್ತ ಸ್ವಲ್ಪ ಊತ. ಕನ್ನಡದವರು ಸಿಕ್ಕಿದ್ದಾರೆ ಅಂತ ಇಬ್ಬರಿಗೂ ಖುಷಿ. ಊರಿನ ಮಾತೇ ಜಾಸ್ತಿ ಆಯಿತು. ‘ನೋವಿದೆಯಾ?’ ಅಂದೆ. ‘ಇಲ್ಲ ಮಾರಾಯ್ರೇ, ಏನೂ ಇಲ್ಲ’ ಅಂದರು. ನಾನೂ ನಂಬಿದೆ. ಶುಗರ್ ಇದೆಯಾ ಅಂತ ಕೇಳಲೇ ಇಲ್ಲ. ಡ್ರೆಸ್ಸಿಂಗ್ ಮಾಡಿಸಿ ‘ಎರಡು ದಿನ ಬಿಟ್ಟು ಬನ್ನಿ’ ಎಂದು ಕಳಿಸಿದೆ. ಹೊಟೇಲಿನಲ್ಲಿ ಕೆಲಸಕ್ಕೆ ಜನ ಇಲ್ಲ ಅಂತ ಅವರು ಬಂದದ್ದು ಐದು ದಿನ ಬಿಟ್ಟು. ಎರಡು ಬೆರಳು ಕಪ್ಪಾಗಿದ್ದವು. ತೆಗೆಯಬೇಕಾಯಿತು. ಅವತ್ತಿನಿಂದ ಕಾಲಿಗೆ ಗಾಯ ಅಂತ ಬಂದವರ ಚೀಟಿಯಲ್ಲಿ ಹೆಸರಿನ ಕೆಳಗೆ ನಾನು ಮೊದಲು ಬರೆಯುವುದು ಶುಗರ್.

ಸರಿ, ಮನೆಯಲ್ಲಿ ನೋಡುವುದು ಹೇಗೆ?

ಪಟ್ಟಿ ಬಿಚ್ಚುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಟ್ಯೂಬ್‌ಲೈಟ್ ಕೆಳಗಲ್ಲ, ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ ನೋಡಿ. ಪುಸ್ತಕಗಳಲ್ಲಿ ‘ಕೆಂಪು’ ಅಂತ ಇರುವುದು ಬಿಳಿ ಚರ್ಮದವರ ಲೆಕ್ಕ. ನಮ್ಮ ಬಣ್ಣದ ಮೇಲೆ ಅದು ಕಪ್ಪುಗೆಂಪು, ನೇರಳೆ, ಕೆಲವರಲ್ಲಿ ತಾಮ್ರದ ಬಣ್ಣ. ನೀವು ‘ಕಪ್ಪುಗೆಂಪು’ ಅಂತ ಬರೆದದ್ದು ಸರಿಯಾಗಿಯೇ ಇದೆ. ಬಣ್ಣ ಗೊತ್ತಾಗದಿದ್ದರೆ ಚರ್ಮ ನೋಡಿ. ಊದಿದ ಜಾಗದಲ್ಲಿ ಗೆರೆಗಳು ಮಾಯವಾಗಿ ಚರ್ಮ ಬಿಗಿದು ಮಿಂಚುತ್ತದೆ. ಆಮೇಲೆ ಅಂಗೈಯಲ್ಲ, ಕೈಯ ಹಿಂಭಾಗವನ್ನು ಮೆಲ್ಲಗೆ ಆ ಜಾಗಕ್ಕೆ ತಾಗಿಸಿ. ಅದೇ ಕೈಯನ್ನು ಇನ್ನೊಂದು ಕಾಲಿನ ಅದೇ ಜಾಗಕ್ಕೆ ತಾಗಿಸಿ. ಮಗುವಿನ ಜ್ವರ ನೋಡಿ ಅಭ್ಯಾಸ ಇರುವ ಕೈಗೆ ಬಿಸಿಯ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಇನ್ನು ಬಾಲ್ ಪೆನ್ನು. ಬಣ್ಣ ಎಲ್ಲಿಗೆ ಮುಗಿಯುತ್ತದೋ ಆ ಅಂಚಿನ ಮೇಲೆ ಸುತ್ತ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ಚರ್ಮದ ಮೇಲೆಯೇ ಗಂಟೆ ಬರೆಯಿರಿ. ‘ಬೆಳಗ್ಗೆ 9’ ಅಂತ. ನಮ್ಮ ವಾರ್ಡಿನಲ್ಲೂ ಇದನ್ನೇ ಮಾಡುತ್ತೇವೆ. ಸಂಜೆಗೆ ಬಣ್ಣ ಗೆರೆ ದಾಟಿದ್ದರೆ ಇನ್ನೇನೂ ಯೋಚಿಸುವುದು ಬೇಡ, ಹೊರಡಿ. ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ದಿನಾ ಅದೇ ಕಿಟಕಿ, ಅದೇ ದೂರ. ಶುಗರ್ ಇರುವವರ ಪಾದದಲ್ಲಿ ಗಾಯದ ಅಂಚಿನಿಂದ ಎರಡು ಸೆಂಟಿಮೀಟರ್ ದಾಟಿ ಕೆಂಪು ಹಬ್ಬಿದರೆ ನಾವು ಅದನ್ನು ಸಣ್ಣ ಸೋಂಕು ಅನ್ನುವುದಿಲ್ಲ. ನಿಮ್ಮ ಎರಡು ಬೆರಳು ಅಂದರೆ ಸುಮಾರು ಮೂರು ಸೆಂಟಿಮೀಟರ್.

ಹಳದಿ ಕಂಡದ್ದೆಲ್ಲ ಕೀವಲ್ಲ. ಇದರಲ್ಲಿ ತುಂಬಾ ಜನ ಎಡವುತ್ತಾರೆ. ಮೊಸರಿನ ಮೇಲೆ ನಿಲ್ಲುವ ತಿಳಿನೀರಿನ ಹಾಗೆ ತೆಳ್ಳಗೆ ಸೋರಿದರೆ ಅದು ರಕ್ತದಿಂದ ಬಂದ ನೀರು. ಮೊದಲ ಕೆಲವು ದಿನ ಅದು ಇರಬೇಕಾದದ್ದೇ. ದೋಸೆ ಹಿಟ್ಟಿನ ಹಾಗೆ ದಪ್ಪವಾಗಿ, ಕಲಕಲಾಗಿ, ಹಳದಿ ಅಥವಾ ಹಸಿರು ಛಾಯೆಯಲ್ಲಿ ಬಂದರೆ ಕೀವು. ಹೊಟೇಲಿನವರು ಈ ಹೋಲಿಕೆಗೆ ಕ್ಷಮಿಸಬೇಕು. ತೆರೆದ ಗಾಯದ ತಳದಲ್ಲಿ ಒರೆಸಿದರೂ ಹೋಗದೆ ಅಂಟಿಕೊಂಡಿರುವ ಹಳದಿ ಪೊರೆ ಇರುತ್ತದಲ್ಲ, ಅದು ಸತ್ತ ಪದರ. ಅದನ್ನು ತೆಗೆಯಬೇಕಾಗುತ್ತದೆ, ಆದರೆ ಅದು ಕೀವಲ್ಲ. ಹಸಿ ಕೆಂಪು ಬಣ್ಣದಲ್ಲಿ ಸಣ್ಣ ಸಣ್ಣ ಕಾಳಿನ ಹಾಗೆ ಮಿನುಗುವ ಮಾಂಸ ಕಂಡರೆ ಹೆದರಬೇಡಿ. ನಾವು ಅದನ್ನು ನೋಡಿ ಖುಷಿಪಡುತ್ತೇವೆ. ಗಾಯ ಮಾಯುವುದು ಅಲ್ಲಿಂದಲೇ.

ವಾಸನೆಯನ್ನು ಪಟ್ಟಿಯಲ್ಲಿ ಹುಡುಕಬೇಡಿ. ಮುಂಬೈಯ ಜುಲೈ ಸೆಕೆಯಲ್ಲಿ ಒಂದೂವರೆ ದಿನ ಕಟ್ಟಿದ ಯಾವ ಪಟ್ಟಿಯೂ ನಾರುತ್ತದೆ. ಗಾಯ ತೊಳೆದ ಮೇಲೂ ವಾಸನೆ ಉಳಿದಿದೆಯಾ ಅಂತ ನೋಡಿ.

ಹೊಲಿಗೆ ಹಾಕಿದ ಗಾಯದಲ್ಲಿ ಇನ್ನೊಂದು ತೊಡಕು. ಮೇಲೆ ಬಾಗಿಲು ಹಾಕಿರುತ್ತದೆ, ಒಳಗೆ ಏನು ನಡೆದಿದೆ ಅಂತ ಕಾಣುವುದಿಲ್ಲ. ನಾವು ಕೈಗವಸು ಹಾಕಿಕೊಂಡು ಹೊಲಿಗೆಯ ಸಾಲಿನ ಪಕ್ಕ ಬೆರಳಿನಿಂದ ನಿಧಾನಕ್ಕೆ ಒತ್ತುತ್ತಾ ಹೋಗುತ್ತೇವೆ. ಒಂದು ಕಡೆ ಬೆರಳಿಗೆ ಮೆತ್ತಗೆ, ನೀರು ತುಂಬಿದ ಬಲೂನಿನ ಹಾಗೆ ಸಿಗುತ್ತದೆ. ಮರುಕ್ಷಣ ಎರಡು ಹೊಲಿಗೆಗಳ ಸಂದಿಯಿಂದ ಸಾಸಿವೆ ಕಾಳಿನಷ್ಟು ಬಿಳಿ ಹನಿ ಮೇಲೆ ಬರುತ್ತದೆ. ಸಾಸಿವೆಯಷ್ಟೇ. ಆದರೆ ಒಂದು ಹೊಲಿಗೆ ಕತ್ತರಿಸಿದರೆ ಒಳಗಿಂದ ಒಂದು ಚಮಚ ಸುರಿಯುವುದೂ ಉಂಟು. ದಯವಿಟ್ಟು ಈ ಒತ್ತುವ ಕೆಲಸ ಮನೆಯಲ್ಲಿ ಮಾಡಬೇಡಿ. ಕೀವು ಹೊರಗೆ ಬರುವ ಬದಲು ಇನ್ನೂ ಒಳಗೆ ನುಗ್ಗಬಹುದು.

ಇನ್ನು ಟಿಟಿ. ‘ಟಿಟಿ ತಗೊಂಡಿದ್ದೇನೆ’ ಅನ್ನುವ ಧೈರ್ಯ ಈ ಊರಿನಲ್ಲಿ ಎಷ್ಟು ಕಾಲುಗಳಿಗೆ ತೊಂದರೆ ಕೊಟ್ಟಿದೆಯೋ. ಟಿಟಿ ತಡೆಯುವುದು ಧನುರ್ವಾಯು ಒಂದನ್ನೇ. ಮಣ್ಣಿನಲ್ಲಿ, ಸಗಣಿಯಲ್ಲಿ ಇರುವ ಒಂದು ಬ್ಯಾಕ್ಟೀರಿಯಾದ ವಿಷದಿಂದ ದವಡೆ ಕಚ್ಚಿಕೊಂಡು ಮೈಯೆಲ್ಲ ಸೆಟೆಯುವ ಕಾಯಿಲೆ ಅದು. ಕೀವು ಕಟ್ಟಿಸುವವರು ಬೇರೆಯವರು. ಹೆಚ್ಚಾಗಿ ನಮ್ಮ ಚರ್ಮದ ಮೇಲೆ, ಮೂಗಿನಲ್ಲಿ ಸುಮ್ಮನೆ ಇರುವ ಸ್ಟೆಫೈಲೋಕಾಕಸ್, ಗಂಟಲಲ್ಲಿರುವ ಸ್ಟ್ರೆಪ್ಟೋಕಾಕಸ್. ಗಾಯದ ಬಾಗಿಲು ತೆರೆದರೆ ಒಳಗೆ ಹೋಗುತ್ತಾರೆ. ಅವರಿಗೂ ಟಿಟಿಗೂ ಸಂಬಂಧವೇ ಇಲ್ಲ. ನಿಮ್ಮ ಚೀಟಿಯಲ್ಲಿ ಟಿಡಿ ಅಂತ ಇದ್ದರೂ ಗಾಬರಿಯಾಗಬೇಡಿ, ಅದರಲ್ಲಿ ಟಿಟಿಯ ಜೊತೆ ಗಂಟಲಮಾರಿ ಲಸಿಕೆಯೂ ಸೇರಿರುತ್ತದೆ. ಪೂರ್ತಿ ಡೋಸ್ ಆಗಿರುವವರಿಗೆ ಸಣ್ಣ, ಚೊಕ್ಕ ಗಾಯಕ್ಕೆ ಹತ್ತು ವರ್ಷಕ್ಕೊಮ್ಮೆ, ಕೊಳಕು ಅಥವಾ ಆಳದ ಗಾಯಕ್ಕೆ ಐದು ವರ್ಷ ದಾಟಿದ್ದರೆ ಒಂದು ಸಾಕು. ಪ್ರತಿ ಗೀರಿಗೂ ಚುಚ್ಚಿಸಿಕೊಳ್ಳುವುದು ಬೇಡ.

ಈಗ ನಿಮ್ಮ ಅತ್ತೆಯವರ ನಂಜು. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು. ಬದನೆ, ಬಂಗುಡೆ, ಕುಂಬಳಕಾಯಿ, ಮೊಸರು ಯಾವುದೂ ಕೀವು ಮಾಡುವುದಿಲ್ಲ. ಕೀವು ಅಂದರೆ ಸೂಕ್ಷ್ಮಾಣುಗಳ ಜೊತೆ ಹೋರಾಡಿ ಸತ್ತ ಬಿಳಿ ರಕ್ತಕಣಗಳ ರಾಶಿ. ಅದು ತಟ್ಟೆಯಿಂದ ಬರುವುದಲ್ಲ. ಹಳಸಿದ ಬಂಗುಡೆ ತಿಂದು ಮೈಯೆಲ್ಲ ಕೆಂಪಾಗಿ ತುರಿಸಿಕೊಳ್ಳುವುದು ನಿಜ, ಸರಿಯಾಗಿ ಐಸಿನಲ್ಲಿ ಇಡದ ಬಂಗುಡೆಯಲ್ಲಿ ಹಿಸ್ಟಮಿನ್ ಹೆಚ್ಚಾಗುತ್ತದೆ. ಅದು ಬೇರೆ ಕಥೆ. ತಾಜಾ ಮೀನು ಕೊಡಿ. ಮೊಟ್ಟೆ, ಬೇಳೆ, ಮೊಸರು ಎಲ್ಲ ಕೊಡಿ. ಹೊಸ ಚರ್ಮ ಬೆಳೆಯಲು ಪ್ರೋಟೀನ್ ಬೇಕು. ಗಂಜಿ ಉಪ್ಪಿನಕಾಯಿಯ ಮೇಲೆ ಹದಿನೈದು ದಿನ ಇಟ್ಟರೆ ಶುಗರೂ ಏರುತ್ತದೆ, ಗಾಯವೂ ನಿಧಾನ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನು ಕೇಳಿ. ಮೀನಿಗೆ ಅಲರ್ಜಿ ಇರುವವರ ಮಾತೂ ಬೇರೆ.

ಅರಿಶಿನದ ಬಗ್ಗೆ ಜಗಳ ಆಡುವುದಿಲ್ಲ. ಪ್ರಯೋಗಶಾಲೆಯಲ್ಲಿ ಅದು ಕೆಲವು ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಆದರೆ ಅಡುಗೆಮನೆಯ ಡಬ್ಬದಲ್ಲಿ ದಿನಾ ಒದ್ದೆ ಚಮಚ ಹೋಗುವ ಅರಿಶಿನ ಚೊಕ್ಕ ಔಷಧಿ ಅಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಹಳದಿ ಬಳಿದ ಮೇಲೆ ಕೆಂಪು ಎಲ್ಲಿದೆ, ಕೀವು ಎಲ್ಲಿದೆ ಅಂತ ನನಗೂ ಕಾಣುವುದಿಲ್ಲ. ಸುಣ್ಣ, ಟೂತ್‌ಪೇಸ್ಟ್, ಬೂದಿ ಬೇಡವೇ ಬೇಡ. ನಮ್ಮ ಹೊಟೇಲಿನ ಹುಡುಗರದ್ದು ಕಾಫಿ ಪುಡಿ. ಈಳಿಗೆ ತಾಗಿ ಬೆರಳು ಕೊಯ್ದುಕೊಂಡ ಒಬ್ಬ ಹುಡುಗ ಒಂದು ಮುಷ್ಟಿ ಕಾಫಿ ಪುಡಿ ತುರುಕಿಕೊಂಡು ಬಂದಿದ್ದ. ರಕ್ತವೇನೋ ನಿಂತಿತ್ತು. ಆದರೆ ಸಲೈನ್ ಹಾಕಿ ಹಾಕಿ ಆ ಕಪ್ಪು ಗಷ್ಟನ್ನು ತೊಳೆದು ತೆಗೆಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಇಡೀ ಡ್ರೆಸ್ಸಿಂಗ್ ರೂಮು ಫಿಲ್ಟರ್ ಕಾಫಿ ವಾಸನೆ. ರಕ್ತ ನಿಲ್ಲಿಸಲು ಒಂದು ಚೊಕ್ಕ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಕಿತ್ತು.

ಇದರ ಜೊತೆಗೆ ನಮ್ಮ ಒಂದು ಮಾತೂ ದಾರಿ ತಪ್ಪಿಸುತ್ತದೆ. ‘ಗಾಯ ಒಣಗಿತಾ?’ ಅಂತ ಕೇಳುತ್ತೇವೆ. ಒಣಗಿದರೆ ವಾಸಿ ಅಂತ ಲೆಕ್ಕ. ಅದಕ್ಕೇ ಗಾಳಿಗೆ ಬಿಡುವುದು, ಪೌಡರ್ ಸುರಿಯುವುದು. ಆದರೆ ಹದವಾಗಿ ಒದ್ದೆ ಇರುವ ಗಾಯದ ಮೇಲೆ ಚರ್ಮ ಬೇಗ ಬೆಳೆಯುತ್ತದೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಇದನ್ನು ತೋರಿಸಿದರು. ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಬೆಳೆದಿತ್ತು. ಆ್ಯಂಟಿಬಯಾಟಿಕ್ ಪೌಡರ್ ಗಟ್ಟಿಯಾಗಿ ಹಕ್ಕಳೆಯ ಹಾಗೆ ಕೂರುತ್ತದೆ, ಕೆಳಗೆ ಕೀವು ಉಳಿಯುತ್ತದೆ. ನೀರು ಬೆರೆಸದ ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದು ಉರಿದಾಗ ಕೆಲಸ ಮಾಡಿದ ಹಾಗೆ ಅನಿಸುತ್ತದೆ, ಆದರೆ ಹೊಸ ಜೀವಕೋಶಗಳನ್ನೂ ಸುಡುತ್ತದೆ. ಕುದಿಸಿ ಆರಿಸಿದ ನೀರು ಅಥವಾ ಸಲೈನ್, ಚೊಕ್ಕ ಗಾಜ್, ಮೇಲೊಂದು ಸಡಿಲ ಪಟ್ಟಿ. ಮನೆಯಲ್ಲಿ ಅಷ್ಟೇ.

ಶಾಖ ಕೊಡುವುದಂತೂ ಬೇಡ. ಬಿಸಿನೀರಿನ ಚೀಲ ಎಷ್ಟು ಬಿಸಿ ಅಂತ ಮಂಕಾದ ಪಾದಕ್ಕೆ ತಿಳಿಯುವುದಿಲ್ಲ. ಗಾಯಕ್ಕೆ ಬಂದವರು ಬೊಬ್ಬೆಗೆ ಔಷಧಿ ತಗೊಂಡು ಹೋಗುತ್ತಾರೆ.

ಹಲ್ಲುನೋವಿನ ಮಾತ್ರೆಯ ವಿಷಯ. ನಾಲ್ಕು ನುಂಗಿ ಆಗಿದೆ, ಬೈದು ಪ್ರಯೋಜನ ಇಲ್ಲ. ಆದರೆ ಐದನೆಯದು ಬೇಡ. ಹಲ್ಲಿಗೆ ಕೊಟ್ಟ ಔಷಧಿ ಚರ್ಮದ ಸೂಕ್ಷ್ಮಾಣುವಿಗೆ ತಾಗಬೇಕೆಂದಿಲ್ಲ. ಹೆಚ್ಚಿನ ಸ್ಟೆಫೈಲೋಕಾಕಸ್‌ಗಳು ಬರೀ ಅಮಾಕ್ಸಿಸಿಲಿನ್‌ಗೆ ಜಗ್ಗುವುದಿಲ್ಲ. ಕೀವು ಒಂದು ಕಡೆ ಕಟ್ಟಿದ್ದರೆ ಎಂಥ ಒಳ್ಳೆಯ ಮಾತ್ರೆಯೂ ಅದರೊಳಗೆ ಸರಿಯಾಗಿ ಹೋಗುವುದಿಲ್ಲ, ಯಾಕೆಂದರೆ ಕೀವಿನ ಗಂಟಿನೊಳಗೆ ರಕ್ತನಾಳವೇ ಇಲ್ಲ. ಮೊದಲು ಕೀವು ಹೊರಗೆ ಹೋಗಬೇಕು. ಅರೆಬರೆ ಮಾತ್ರೆಯಿಂದ ಆಗುವುದು ಏನೆಂದರೆ, ಮೇಲಿನ ಕೆಂಪು ಒಂದು ದಿನ ಇಳಿದು ನಮಗೆ ಮೋಸವಾಗುತ್ತದೆ. ಕೀವಿನ ಪರೀಕ್ಷೆಗೆ ಕಳಿಸಿದಾಗ ಸೂಕ್ಷ್ಮಾಣು ಬೆಳೆಯದೆಯೂ ಇರಬಹುದು. ಆ ಖಾಲಿ ಸ್ಟ್ರಿಪ್ ಜೊತೆಗೆ ಒಯ್ಯಿರಿ. ಮುಚ್ಚಿಡಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡಬಹುದು ಅಂತ ಗೊತ್ತಿದ್ದರೆ ಗಾಬರಿ ಕಡಿಮೆ.

ಒಂದೆರಡು ಹೊಲಿಗೆ ಬಿಚ್ಚಿ ಗಾಯ ತೆರೆದು ತೊಳೆಯಬಹುದು. ‘ಅಯ್ಯೋ, ಹಾಕಿದ ಹೊಲಿಗೆ ಬಿಚ್ಚಿದರು’ ಅಂತ ಜನ ಬೇಜಾರಾಗುತ್ತಾರೆ. ಕೀವಿನ ಮೇಲೆ ಹೊಲಿಗೆ ಇಟ್ಟುಕೊಂಡು ಹತ್ತನೇ ದಿನಕ್ಕೆ ಕಾಯುವುದರಲ್ಲಿ ಅರ್ಥ ಇಲ್ಲ. ತೆರೆದ ಗಾಯ ತಳದಿಂದ ಮಾಯುತ್ತಾ ಬರುತ್ತದೆ. ಮೂರು ನಾಲ್ಕು ವಾರ ಹಿಡಿಯಬಹುದು, ಕಲೆ ಸ್ವಲ್ಪ ಅಗಲವಾಗಬಹುದು. ನಷ್ಟ ಅಷ್ಟೇ. ಒಳಗಿನಿಂದ ತೆಗೆದದ್ದನ್ನು ಕಲ್ಚರ್‌ಗೆ, ಅಂದರೆ ಸೂಕ್ಷ್ಮಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಲು ಕೇಳಿ. ಎರಡು ಮೂರು ದಿನದಲ್ಲಿ ಯಾವ ಔಷಧಿ ನಾಟುತ್ತದೆ ಅಂತ ರಿಪೋರ್ಟ್ ಬರುತ್ತದೆ.

ಎಕ್ಸ್‌ರೇ ತೆಗೆಸಬೇಕು. ಇವರಿಗೆ ತಾಗಿದ್ದು ಏನು ಅಂತಲೇ ಗೊತ್ತಿಲ್ಲ. ಗಾಜಿನ ಚೂರು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತದೆ, ಮರದ ಸಿಬಿರು ಕಾಣುವುದಿಲ್ಲ. ಒಳಗೆ ಚೂರು ಉಳಿದಿದ್ದರೆ ಏನು ಕೊಟ್ಟರೂ ಗಾಯ ಮಾಯುವುದಿಲ್ಲ. ಮೂಳೆಗೆ ಸೋಂಕು ಹೋಗಿದೆಯಾ ಅಂತಲೂ ನೋಡುತ್ತಾರೆ, ಆದರೆ ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆ ಇರಬಹುದು. ಪಾದದ ನಾಡಿ ಮುಟ್ಟಿ ನೋಡಲು ಹೇಳಿ. ರಕ್ತ ಸರಿಯಾಗಿ ಇಳಿಯದ ಕಾಲಿಗೆ ಔಷಧಿಯೂ ಇಳಿಯುವುದಿಲ್ಲ. ಬೀಡಿ ಸಿಗರೇಟಿನ ವಿಷಯ ನೀವು ಬರೆದಿಲ್ಲ. ಇದ್ದರೆ ಅಲ್ಲಿ ಸುಳ್ಳು ಹೇಳಬೇಡಿ.

ಎರಡು ಮೂರು ದಿನ ಅಡ್ಮಿಟ್ ಆಗಿ ಅಂದರೆ ಒಪ್ಪಿಕೊಳ್ಳುವುದೇ ಲೇಸು. ರಕ್ತನಾಳದ ಮೂಲಕ ಔಷಧಿ, ಕಾಲು ದಿಂಬಿನ ಮೇಲೆ, ಶುಗರ್ ಹತೋಟಿ ಮೂರೂ ಒಟ್ಟಿಗೆ ಆಗುತ್ತದೆ. ಇನ್ಸುಲಿನ್ ಕೊಡಬಹುದು. ‘ಒಮ್ಮೆ ಶುರುವಾದರೆ ಜೀವನ ಪೂರ್ತಿ’ ಅಂತ ಹೆದರಿ ಬೇಡ ಅನ್ನುವವರು ಬಹಳ. ಸೋಂಕು ಇಳಿದ ಮೇಲೆ ಮತ್ತೆ ಮಾತ್ರೆಗೆ ಮರಳಿದವರು ನನ್ನಲ್ಲೇ ಅನೇಕರಿದ್ದಾರೆ. ಖಾಸಗಿಯಲ್ಲಿ ಖರ್ಚು ಕಷ್ಟ ಅನಿಸಿದರೆ ಮುನ್ಸಿಪಾಲಿಟಿ ಆಸ್ಪತ್ರೆಗೆ ಹೋಗಿ. ಸರದಿ ಉದ್ದ, ಆದರೆ ಕಾಲು ನೋಡಿ ಪಳಗಿದ ಕೈಗಳು ಅಲ್ಲಿವೆ.

ಡಾಕ್ಟರ್ ನೋಡಿ ‘ಇದು ಸಣ್ಣದು, ಮಾತ್ರೆ ತಗೊಂಡು ಮನೆಯಲ್ಲೇ ಇರಿ’ ಅನ್ನಲೂಬಹುದು. ಹಾಗಾದರೆ ಪೆನ್ನಿನ ಗೆರೆ ನಿಮ್ಮ ಕೆಲಸ. 48 ಗಂಟೆಯಲ್ಲಿ ಇಳಿಯುವ ಲಕ್ಷಣ ಕಾಣದಿದ್ದರೆ ಚೀಟಿಯಲ್ಲಿ ಬರೆದ ತಾರೀಖಿಗೆ ಕಾಯದೆ ಮತ್ತೆ ಹೋಗಿ. ಕೋರ್ಸ್ ಎಷ್ಟು ದಿನ ಅಂದಿದ್ದಾರೋ ಅಷ್ಟು ದಿನ ತಗೊಳ್ಳಿ.

ಮನೆಯಲ್ಲಿರುವಾಗ ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎರಡು ಗಂಟೆಯಾಗಲಿ, 108ಕ್ಕೆ ಫೋನ್ ಮಾಡಿ: ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಏರುವುದು, ತೊಡೆಸಂದಿನಲ್ಲಿ ನೋಯುವ ಗಂಟು, ಚಳಿ ನಡುಕ, 100.4 ದಾಟಿದ ಜ್ವರ. ಚರ್ಮ ಕಪ್ಪಾಗಿ ನೀರುಗುಳ್ಳೆ ಏಳುವುದು. ಒತ್ತಿದರೆ ಚರ್ಮದಡಿ ಚರಚರ ಅನ್ನುವುದು. ಕಣ್ಣಿಗೆ ಕಾಣುವ ಗಾಯಕ್ಕೆ ತಾಳೆಯೇ ಆಗದಂಥ ಭಯಂಕರ ನೋವು. ಉಸಿರು ಜೋರಾಗುವುದು, ಮೂತ್ರ ಕಡಿಮೆಯಾಗುವುದು, ಮಾತು ತೊದಲುವುದು ಅಥವಾ ಮನೆಯವರನ್ನೇ ಗುರುತಿಸದೆ ಗಲಿಬಿಲಿಯಾಗುವುದು. ಇವು ಬಂದ ಮೇಲೆ ಲೆಕ್ಕ ದಿನಗಳಲ್ಲಿಲ್ಲ, ಗಂಟೆಗಳಲ್ಲಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೆ ಮುಂಬೈಯಲ್ಲಿ ಇರುವುದರಿಂದ ಹೇಳಲೇಬೇಕು. ತೆರೆದ ಗಾಯದೊಂದಿಗೆ ನಿಂತ ನೀರಿನಲ್ಲಿ ನಡೆದಿದ್ದಾರೆ. ಆ ನೀರಿನಲ್ಲಿ ಇಲಿಮೂತ್ರ ಇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಈ ಊರಿನಲ್ಲಿ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ, ಹೇಗೆ ಹಬ್ಬಿತು ಅಂತ ಆಗ ಇದ್ದವರಿಗೆ ನೆನಪಿದೆ. ಅಂಥ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಂಡು ತಡೆಗೆ ಮಾತ್ರೆ ತಗೊಳ್ಳಬೇಕು ಅಂತ ಮುನ್ಸಿಪಾಲಿಟಿ ಪ್ರತಿ ಮಳೆಗಾಲ ಹೇಳುತ್ತದೆ. ನಿಮಗೆ ಆ ಹೊತ್ತು ದಾಟಿದೆ. ಹಾಗಾಗಿ ಇವತ್ತು ಡಾಕ್ಟರಿಗೆ ನೀರಿನ ವಿಷಯ ಮೊದಲೇ ಹೇಳಿ. ಇನ್ನು ಮೂರು ವಾರದೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು, ಮೂತ್ರ ಹಳದಿಯಾಗುವುದು ಕಂಡರೆ ಗಾಯ ಮಾಯ್ದಿದ್ದರೂ ಹೋಗಿ.

ಕೆಲಸದ ಮಾತು ಉಳಿಯಿತು. ಗಲ್ಲೆಯಲ್ಲಿ ಕೂತೇ ಇರುತ್ತಾರೆ ಅಂತ ನೀವು ಹೇಳಬಹುದು. ಕಾಲು ಕೆಳಗೆ ಇಳಿಬಿಟ್ಟು ಹತ್ತು ಗಂಟೆ ಕೂತರೆ ಊತ ಅಲ್ಲೇ ನಿಲ್ಲುತ್ತದೆ. ಡೊಂಬಿವಿಲಿಯ ಬೆಳಗಿನ ಫಾಸ್ಟ್ ಟ್ರೇನಿನಲ್ಲಿ ಆ ಪಾದದ ಮೇಲೆ ಯಾರ ಬೂಟು ಬೀಳುತ್ತದೋ ಹೇಳಲಾಗುವುದಿಲ್ಲ. ಕನಿಷ್ಠ ಒಂದು ವಾರ ಮನೆಯಲ್ಲಿ, ಎರಡು ದಿಂಬಿನ ಮೇಲೆ ಕಾಲು. ಧಣಿಗಳಿಗೆ ಚೀಟಿ ಬೇಕಾದರೆ ಡಾಕ್ಟರ್ ಬರೆದುಕೊಡುತ್ತಾರೆ. ಮನೆಯವರು ಒಪ್ಪದಿದ್ದರೆ ಊದಿದ ಕಾಲಿನ ಪಕ್ಕ ಆ ಹಿಡಿಸದ ಚಪ್ಪಲಿ ಇಟ್ಟು ಒಂದು ಫೋಟೋ ತೆಗೆದು ಅವರಿಗೇ ತೋರಿಸಿ. ಅದೇ ಫೋಟೋ ಡಾಕ್ಟರಿಗೂ ಬೇಕಾಗುತ್ತದೆ.